ನಡುಮನೆಗೊಂದು ಬೆಳಕಿಂಡಿ

ತಿಥಿಯ ಮಾರನೆಯ ಬೆಳಗ್ಗೆ ಹಾಲಿನವನು ಎಂದಿನ ಒಂದರ ಬದಲು ಆರು ಪ್ಯಾಕೆಟ್ ಇಟ್ಟು ಹೋಗಿದ್ದ. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋದದ್ದು ಅವನಿಗೆ ಗೊತ್ತಿರಲಿಲ್ಲ. ಭಾನುಪ್ರಿಯಾ ಆರನ್ನೂ ಒಂದೇ ಪಾತ್ರೆಗೆ ಸುರಿದು ಕಾಯಿಸಿದಳು. ಅಷ್ಟು ಹಾಲನ್ನು ಏನು ಮಾಡುವುದೆಂದು ಯೋಚಿಸಲಿಲ್ಲ.

ಕಾಫಿ ಹಿಡಿದು ನಡುಮನೆಗೆ ಬಂದರೆ ಅತ್ತೆ ಎಲ್ಲಿ ಕೂತಿದ್ದಾರೆಂದೇ ತಿಳಿಯಲಿಲ್ಲ. ಗಂಡ ಅಶ್ವಥ್‌ನನ್ನು ಮಲಗಿಸಿದ್ದಾಗ ತಲೆ ಇದ್ದ ಜಾಗದಲ್ಲಿ ಹನ್ನೊಂದು ದಿನ ಆರದಂತೆ ಉರಿದಿದ್ದ ದೀಪವನ್ನು ನಿನ್ನೆ ಎತ್ತಿಟ್ಟಿದ್ದರು. ಬೆಳಗಿನ ಎಂಟು ಗಂಟೆಗೆ ಆ ಕೋಣೆ ಬಾವಿಯ ಹಾಗಿತ್ತು.

"ಅತ್ತೆ, ಲೈಟ್ ಹಾಕ್ಲಾ?"

"ಬ್ಯಾಡ. ಹಗಲೊತ್ತು ಲೈಟ್ ಹಾಕುದ್ರೆ ಅವ್ನು ಬಯ್ಯೋನು." ನರಸಿಂಹಮ್ಮನ ಧ್ವನಿ ಮೂಲೆಯಿಂದ ಬಂತು. ಹುಣಸೆಹಣ್ಣಿನ ಬುಟ್ಟಿ ಎದುರಿಗಿಟ್ಟುಕೊಂಡು ಕತ್ತಲಲ್ಲೇ ಬೀಜ ಬಿಡಿಸುತ್ತಿದ್ದರು. ಬೀಜ ತಟ್ಟೆಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಉಪ್ಪಾರಹಳ್ಳಿಯ ಆ ಮನೆಗೆ ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಇದು. ನಾಲ್ಕು ವರ್ಷದ ಹಿಂದೆ ಪಕ್ಕದವರು ಮಹಡಿ ಎತ್ತಿದಾಗ ನಡುಮನೆಯ ಒಂದೇ ಒಂದು ಕಿಟಕಿ ಅವರ ಗೋಡೆಗೆ ಮುಖ ಮಾಡಿ ನಿಂತಿತು. ಸೂರು ಕುಯ್ದು ಬೆಳಕಿಂಡಿ ಮಾಡುತ್ತೇನೆ ಎಂದು ಅಶ್ವಥ್ ಅಂದಿನಿಂದ ಹೇಳುತ್ತಲೇ ಇದ್ದ. ಕೊನೆಗೂ ಎರಡಡಿ ಚೌಕದ ದಪ್ಪ ಗಾಜು ತಂದು ಮಂಚದ ಹಿಂದೆ ನಿಲ್ಲಿಸಿದ. ಗುಬ್ಬಿಯ ಮೇಸ್ತ್ರಿ ಏಕಾಂತಯ್ಯನಿಂದ ಕಾಂಕ್ರೀಟು ಕುಯ್ಯುವ ಮಷಿನ್ನು ಕೇಳಿ ತಂದ. ತಾರಸಿ ಮೇಲೆ ಕೆಂಪು ಚಾಕಿನಲ್ಲಿ ಗುರುತು ಹಾಕಿದ. ಮಾರನೆಯ ದಿನ ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತಿನ ಪಕ್ಕ ಕುಸಿದು ಬಿದ್ದ. ಮೂವತ್ತನಾಲ್ಕು ವರ್ಷ. ಹೃದಯ ಅಂದರು.

ಕಾಫಿ ಲೋಟ ಅತ್ತೆಯ ಕೈಗೆ ತಾಗಿಸುವಷ್ಟರಲ್ಲಿ ಅಶ್ವಥ್‌ನ ಫೋನು ಹೊಡೆದುಕೊಂಡಿತು. ಅದನ್ನು ಅವಳು ದಿನಾ ಚಾರ್ಜಿಗೆ ಹಾಕುತ್ತಿದ್ದಳು, ಯಾಕೆಂದು ಯಾರೂ ಕೇಳಿರಲಿಲ್ಲ.

"ಏನ್ಲಾ ಅಶ್ವಥ, ನನ್ ಮಷಿನ್ನೇ ಮದ್ವೆ ಮಾಡ್ಕೊಂಡ್ಬುಟ್ಯಾ? ನಾಕ್ ದಿನ ಅಂದೋನು ಪತ್ತೆನೇ ಇಲ್ವಲ್ಲೋ!"

"ಏಕಾಂತಣ್ಣ, ನಾನು ಭಾನು. ಅವರು ತೀರ್ಕೊಂಡ್ರು. ಹನ್ನೆರಡು ದಿನ ಆಯ್ತು."



"ಎಂಥ ಮಾತಂದ್ಬುಟ್ಟೆ ನಾನು... ಮಷಿನ್ ಇರ್ಲಿ ಬುಡವ್ವ. ಅದೇನ್ ದೊಡ್ದು."

"ನಿಮಗೆ ಯಾವತ್ತು ಬೇಕು?"

"ಮಂಗಳವಾರ ಒಂದ್ ಕೆಲ್ಸ ಒಪ್ಕೊಂಡಿದ್ದೆ. ಓಗ್ಲಿ ಬುಡು, ಇನ್ನೊಂದ್ ನೋಡ್ಕೊತೀನಿ."

"ಸೋಮವಾರ ತಂದ್ಕೊಡ್ತೀನಿ. ಕೆಲಸ ಮುಗಿಸ್ಕೊಂಡು."

ಅಂದು ಗುರುವಾರ. ಹಾಗೆಂದುಬಿಟ್ಟ ಮೇಲೆಯೇ ಅವಳಿಗೆ ಭಾನುವಾರದ ನೆನಪಾದದ್ದು.

ಭಾನುವಾರ ಅವಳ ಅಣ್ಣ ಶಿವರಾಜ್ ಕುಣಿಗಲ್‌ನಿಂದ ಗೂಡ್ಸ್ ಆಟೋ ತರುವುದೆಂದು ನಿಶ್ಚಯವಾಗಿತ್ತು. ಸತ್ತ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದು ಅಯ್ನೋರು ಪಂಚಾಂಗ ನೋಡಿ ಹೇಳಿದ್ದರು. ಅತ್ತೆ ಗುಬ್ಬಿಗೆ, ಮಗಳ ಮನೆಗೆ. ಭಾನು ಕುಣಿಗಲ್‌ಗೆ, ಅಣ್ಣನ ಮನೆಗೆ. ಅವಳು ಭೌತಶಾಸ್ತ್ರ ಹೇಳಿಕೊಡುವ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬಂದು ಹೋದರಾಯಿತು. ಮೂರು ತಿಂಗಳು ಮೂರೇ ತಿಂಗಳಿಗೆ ಮುಗಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಾಡಿಗೆಗೆ ಯಾರಾದರೂ ಇದ್ದಾರೆಯೇ ಎಂದು ಶಿವರಾಜ್ ತಿಥಿಯ ಪಂಕ್ತಿಯಲ್ಲೇ ವಿಚಾರಿಸಿದ್ದ. ಹೊರಟರೆ ಹೊರಟಂತೆಯೇ. ಇಬ್ಬರೂ ಎರಡು ಊರಿನಲ್ಲಿ ನೆಂಟರಾಗಿ ಉಳಿಯಬೇಕು.

ಭಾನು ಮರಳೂರಿನ ಮೇಸ್ತ್ರಿಯೊಬ್ಬನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಸಾವಾಗಿರೋ ಮನೆ ಸೂರಿಗೆ ಕೈ ಆಕಲ್ಲ ಮೇಡಂ, ವರ್ಷ ಕಳೀಲಿ" ಅಂದ. ಇನ್ನೊಬ್ಬನೂ ಅದನ್ನೇ ಹೇಳಿದ.

"ಸೂರು ಒಡ್ಸೋ ಮಾತಾಡ್ತಿದ್ಯಾ?" ಅತ್ತೆ ಕತ್ತಲಿನಿಂದ ಕೇಳಿದರು. ಬೀಜದ ಸದ್ದು ನಿಂತಿತ್ತು.

"ಹೂಂ."

"ನಮ್ಮಪ್ಪ ಓದಾಗ್ಲೂ ನಕ್ಷತ್ರ ಸರಿ ಇರ್ನಿಲ್ಲ ಕಣವ್ವ. ನಾವೇನು ಮನೆ ಬುಡ್ನಿಲ್ಲ. ದನ ಕರ ಬುಟ್ಟು ಎಲ್ಗೋಗದು? ಹೆಣ ಮಲಗ್ಸಿದ್ ಜಾಗದ್ ಮ್ಯಾಲೆ ಎಲ್ಡು ಹೆಂಚು ತಗುದ್ರು. ಮೂರ್ ದಿನ ಆಕಾಸ ಕಾಣಂಗೆ ಬುಟ್ರು. ದೋಸ ಅಂಗೇ ಓಯ್ತು." ಅತ್ತೆ ನಿಟ್ಟುಸಿರು ಬಿಟ್ಟರು. "ಇದು ಆರ್‌ಸಿಸಿ. ಇಲ್ಲಿ ಯಾವ ಹೆಂಚು ತಗೀತೀಯ?"

ಭಾನು ಎದ್ದು ಹೋದಳು. ಮಂಚದ ಹಿಂದಿನ ಗಾಜನ್ನು ನೆಲದ ಮೇಲೆ ಜಾರಿಸಿಕೊಂಡು ಬಂದು ಅತ್ತೆಯ ಮುಂದೆ ನಿಲ್ಲಿಸಿದಳು.

"ಇಷ್ಟು ತೆಗೆದ್ರೆ ಸಾಕಾ?"

ನರಸಿಂಹಮ್ಮ ಹುಣಸೆ ಅಂಟಿದ ಬೆರಳಿನಿಂದ ಗಾಜಿನ ನಾಲ್ಕು ಅಂಚನ್ನೂ ಸವರಿ ನೋಡಿದರು. "ಎಲ್ಡು ಹೆಂಚಿಗಿಂತ ಜಾಸ್ತಿನೇ ಆಯ್ತು." ಬೆರಳು ಒರೆಸಿಕೊಂಡು, "ನೀನು ಇದ್ನೆಲ್ಲ ನಂಬಲ್ಲ" ಅಂದರು.

"ಇಲ್ಲ ಅತ್ತೆ."

"ಮತ್ಯಾಕೆ?"

"ನೀವು ಇಲ್ಲೇ ಇರಬೇಕು. ನಾನೂ ಇಲ್ಲೇ ಇರಬೇಕು."

ಒಂದು ಬೀಜ ತಟ್ಟೆಗೆ ಬಿತ್ತು. ಆಮೇಲೆ ಇನ್ನೊಂದು.

"ನಾನು ನಂಬ್ತೀನಲ್ಲ, ಸಾಕು. ಆದ್ರೆ ಮೂರ್ ದಿನ ಗಾಜು ಆಕಂಗಿಲ್ಲ. ತೆರ್ದಂಗೇ ಇರ್ಬೇಕು."

ಭಾನು ಕರೆದಳೆಂದು ಶುಕ್ರವಾರ ಬೆಳಗ್ಗೆ ಜಯಪ್ರಕಾಶ್ ಬಂದ. ವರ್ಕ್‌ಶಾಪಿನಲ್ಲಿ ಅಶ್ವಥ್‌ನ ಪಕ್ಕದ ಲೇತು ಅವನದು. "ಕಬ್ಬಿಣ ಆದ್ರೆ ಕೂದ್ಲೆಳೆ ಹೆಚ್ಚುಕಮ್ಮಿ ಆಗ್ದಂಗೆ ಕುಯ್ತೀನಿ ಅತ್ತಿಗೆ. ಕಾಂಕ್ರೀಟು ಹೊಸದು" ಎಂದು ಮೊದಲೇ ಹೇಳಿದ.

"ಸಾವಿನ ಮನೆ ಅಂತ ಯಾರೂ ಬರ್ತಿಲ್ಲ. ನಿಮಗೆ ಪರವಾಗಿಲ್ವಾ?"

"ಅವನನ್ನ ಆಟೋಗೆ ಎತ್ತಿ ಮಲಗ್ಸಿದ್ದೇ ನಾನು. ಇನ್ನೇನ್ ಅತ್ತಿಗೆ."

ಇಬ್ಬರೂ ತಾರಸಿಗೆ ಹೋದರು. ಕೆಂಪು ಚಾಕಿನ ಚೌಕ ಅಲ್ಲೇ ಇತ್ತು. ಜಯಪ್ರಕಾಶ್ ಮಷಿನ್ನಿಗೆ ವೈರು ಸಿಕ್ಕಿಸುವಾಗ ಭಾನು ಚೌಕದ ಸುತ್ತ ಒಂದು ಸುತ್ತು ಬಂದು, "ತಡೀರಿ" ಅಂದಳು. ಟೇಪು ಹಿಡಿದು ಕೆಳಗಿಳಿದಳು. ಮನೆಯ ಮುಂದಿನ ಗೋಡೆಯಿಂದ ದೀಪವಿದ್ದ ಜಾಗಕ್ಕೆ ಹದಿನಾಲ್ಕು ಅಡಿ; ಬೆಳಕಿಂಡಿ ಬರುವುದು ಇಲ್ಲಿ ಎಂದು ಅಶ್ವಥ್ ತೋರಿಸುತ್ತಿದ್ದದ್ದೂ ಅದೇ ಜಾಗ. ಮತ್ತೆ ಮೇಲೆ ಹತ್ತಿ ತಾರಸಿ ಅಂಚಿನ ಪ್ಯಾರಪೆಟ್ಟಿನಿಂದ ಅಳೆದಳು. ಚೌಕದ ನಡುವಿಗೆ ಸರಿಯಾಗಿ ಹದಿನಾಲ್ಕು ಅಡಿ.

ಅಶ್ವಥ್ ಅಳತೆ ಸರಿಯಾಗಿಯೇ ಹಾಕಿದ್ದ, ಸಜ್ಜವನ್ನು ಮರೆತಿದ್ದ. ಆ ಪ್ಯಾರಪೆಟ್ಟು ನಿಂತಿದ್ದದ್ದು ಗೋಡೆಯ ಮೇಲಲ್ಲ, ಅದರಿಂದ ಮೂರಡಿ ಮುಂದೆ ಚಾಚಿದ್ದ ಸಜ್ಜದ ತುದಿಯಲ್ಲಿ. ಅವನ ಚೌಕದ ಕೆಳಗೆ ಇದ್ದದ್ದು ಎರಡು ಕೋಣೆಯ ನಡುವಿನ ತೊಲೆ.

"ಲೇತಲ್ಲಿ ಒಂದು ನೂಲು ತಪ್ಪಿದ್ರೆ ನನ್ನ ಆಡ್ಕೊಳ್ಳೋನು," ಜಯಪ್ರಕಾಶ್ ನಕ್ಕ. "ಮೂರಡಿ ತಪ್ಪವ್ನೆ ನೋಡಿ!" ಆಮೇಲೆ ನಗು ನಿಲ್ಲಿಸಿ ಮುಖ ಒರೆಸಿಕೊಂಡ.

ಕೆಳಗಿನಿಂದಲೇ ಮೊದಲು ಒಂದು ತೂತು ಕೊರೆಯಿರಿ ಎಂದು ಭಾನು ಹೇಳಿದಳು. ಸ್ಟೂಲಿನ ಮೇಲೆ ನಿಂತು ಜಯಪ್ರಕಾಶ್ ಡ್ರಿಲ್ ಒತ್ತಿದ. ಧೂಳು ಉದುರಿತು. ಅವನು ಡ್ರಿಲ್ ಎಳೆದುಕೊಂಡಾಗ ದಾರದಷ್ಟು ತೆಳ್ಳನೆಯ ಬೆಳಕು ನೇರ ಇಳಿದು, ದೀಪದ ಎಣ್ಣೆ ಕಲೆಯ ಪಕ್ಕ ಕಡಲೆಕಾಳಿನಷ್ಟಾಗಿ ಬಿತ್ತು. ಆ ತೂತನ್ನೇ ನಡು ಮಾಡಿಕೊಂಡು ಮೇಲೆ ಹೊಸ ಚೌಕ ಬರೆದಳು. ಹಳೆಯದನ್ನು ಅಳಿಸಲಿಲ್ಲ.

ಮಷಿನ್ನು ಅರಚತೊಡಗಿದ್ದೇ ಎದುರು ಮನೆಯ ಹನುಮಕ್ಕ ಬೀದಿಗೆ ಬಂದಳು. "ಇದೇನ್ರವ್ವ! ಮೊನ್ನೆ ತಿಥಿ, ಇವತ್ತು ಸೂರು ಕುಯ್ತಾ ಅವ್ರೆ!"

ಹನ್ನೆರಡು ದಿನ ಹೊಸಿಲು ದಾಟದಿದ್ದ ನರಸಿಂಹಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

"ನನ್ ಮಗುನ್ಗೆ ದಾರಿ ಬುಡ್ತಾ ಇವ್ನಿ ಕಣೇ. ನಿಂಗೇನು, ಧೂಳು ಬಿತ್ತಾ? ಒಣಗಾಕಿರೋ ಬಟ್ಟೆ ಒಳೀಕೆ ತಗೊ ಓಗು."

ಹನುಮಕ್ಕ ಬಟ್ಟೆ ತೆಗೆದುಕೊಂಡಳು.

ಕಂಬಿಗಳನ್ನು ಕುಯ್ದು, ಚೌಕವನ್ನು ತುಂಡು ತುಂಡಾಗಿ ಇಳಿಸಿ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಧೂಳು ಅಡಗಿದ ಮೇಲೆ ಭಾನು ನಡುಮನೆಯ ಬಾಗಿಲಲ್ಲಿ ನಿಂತಳು. ಗೋಡೆಯ ಬಣ್ಣ ತಿಳಿಹಸಿರು. ಮದುವೆಯಾದ ವರ್ಷ ಅವಳೇ ಆರಿಸಿದ್ದು, ಮರೆತೇಹೋಗಿತ್ತು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಪೊರಕೆ ತೆಗೆದುಕೊಂಡಳು.

ಭಾನುವಾರ ಶಿವರಾಜ್ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದವನು ತಲೆಯೆತ್ತಿ ಹಾಗೇ ನಿಂತ. ಮೇಲೆ ಆಕಾಶ. ಕೆಳಗೆ, ಬಿಸಿಲಿನ ಚೌಕದ ಅಂಚಿನಲ್ಲಿ, ಬುಟ್ಟಿಯ ಮುಂದೆ ನರಸಿಂಹಮ್ಮ.

"ಇದೇನಮ್ಮ ಮಾಡ್ಕೊಂಡ್ರಿ?"

"ನಕ್ಷತ್ರ ಬಂದ್ ದಾರೀಲೇ ಓಯ್ತು ಕಣಪ್ಪ. ಉಂಡ್ಕೊಂಡು ಓಗು."

"ಅಯ್ನೋರು ಒಪ್ಬೇಕಲ್ಲ?"

"ಈ ಮನೇಲಿ ಅಯ್ನೋರು ಇರ್ತಾರಾ, ನಾನು ಇರ್ತೀನಾ?"

ಶಿವರಾಜ್ ತಂಗಿಯ ಕಡೆ ತಿರುಗಿದ. "ಭಾನು, ಇಬ್ರೇ ಹೆಂಗಸ್ರು ಹೆಂಗಿರ್ತೀರ?"

"ನಾನು ಬರಲ್ಲ ಅಣ್ಣ. ಕೈ ತೊಳ್ಕೊ, ಬಡಿಸ್ತೀನಿ."

ಅವನು ಉಂಡ. ಎರಡನೆಯ ಸಲ ಸಾರು ಹಾಕಿಸಿಕೊಂಡ. ಆಟೋ ಖಾಲಿಯೇ ಕುಣಿಗಲ್‌ಗೆ ವಾಪಸು ಹೋಯಿತು.

ಸೋಮವಾರ ಬೆಳಗ್ಗೆ ಜಯಪ್ರಕಾಶ್ ಕಿಂಡಿಯ ಸುತ್ತ ಒಂದು ಇಟ್ಟಿಗೆ ಎತ್ತರಕ್ಕೆ ಕಟ್ಟೆ ಕಟ್ಟಿ, ನೀರು ನಿಲ್ಲದಂತೆ ತುಸು ಓರೆಯಾಗಿ ಗಾಜು ಕೂರಿಸಿದ. ಭಾನು ಮಷಿನ್ನಿನ ಧೂಳು ಒರೆಸುತ್ತಿದ್ದಳು. ಬ್ಲೇಡು ಸವೆದುಹೋಗಿತ್ತು.

"ಬ್ಲೇಡ್ ಸವೆಸ್ದೋನು ಹೊಸದು ಹಾಕಿ ಕೊಡ್ಬೇಕು ಅತ್ತಿಗೆ. ಮೇಸ್ತ್ರಿಗಳಲ್ಲಿ ಅದೇ ಪದ್ಧತಿ" ಎಂದ ಜಯಪ್ರಕಾಶ್. "ಅವನ ಬೈಕ್ ಬ್ಯಾಗಲ್ಲಿ ನೋಡಿ. ತಗೊಂಡಿದ್ದ."

ಇತ್ತು. ಪ್ಲಾಸ್ಟಿಕ್ ಕವರೂ ಹರಿದಿರಲಿಲ್ಲ.

ಗುಬ್ಬಿಯ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಏಕಾಂತಯ್ಯ ಮನೆಯ ಜಗಲಿಯಿಂದ ಧಡಕ್ಕನೆ ಎದ್ದು ಬಂದ. ಫೋನಿನಲ್ಲಿ ಆಡಿದ ಮಾತಿಗೆ ಇನ್ನೂ ತಲೆ ತಗ್ಗಿಸಿಕೊಂಡೇ ಇದ್ದ.

"ನಾನೇ ಬತ್ತಿದ್ನಲ್ಲವ್ವ. ಯಾಕ್ ಒತ್ಕೊಂಡ್ ಬರಕ್ಕೋದೆ?"

"ಅವರು ನಿಮ್ಮ ಕೈಗೇ ಕೊಡಬೇಕಿತ್ತು."

ಅವನು ಚೀಲದೊಳಗೆ ಬಗ್ಗಿ ನೋಡಿದ. ಹೊಸ ಬ್ಲೇಡಿನ ಮೇಲೆ ಬೆರಳಾಡಿಸಿದ.

"ಬೆಳಕು ಬತ್ತದಾ?"

"ಹನ್ನೊಂದು ಗಂಟೆಗೆ ಬಿಸಿಲು ನೆಲಕ್ಕೆ ಬರತ್ತೆ. ಅತ್ತೆ ಅದ್ರ ಜೊತೇಲೇ ಬುಟ್ಟಿ ಜರುಗಿಸ್ಕೊಂಡು ಹೋಗ್ತಾರೆ."

"ಇನ್ನೇನಾರ ಕುಯ್ಯೋದಿದ್ರೆ ಇಟ್ಕೊಂಡಿರವ್ವ. ನಾನು ಬ್ಯಾರೆ ಕಡೆ ಇಸ್ಕೋತೀನಿ."

"ಇಲ್ಲ, ಮುಗೀತು" ಎಂದು ಭಾನು ಮಷಿನ್ನನ್ನು ಚೀಲದಿಂದ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.