ಸಿದ್ದಪ್ಪನ ಬೇಕರಿಯ ತೂಕದ ಕಲ್ಲು

ನಾನು ಒಂದು ಕಲ್ಲು. ಗುಡಿಯ ಕಲ್ಲಲ್ಲ, ಗಡಿಯ ಕಲ್ಲಲ್ಲ, ಬೀಸುವ ಕಲ್ಲೂ ಅಲ್ಲ. ಹಿರಿಯೂರಿನ ಒಂದು ಸಣ್ಣ ಬೇಕರಿಯಲ್ಲಿ ಅರವತ್ತು ವರ್ಷ ಬೆಣ್ಣೆ, ಸಕ್ಕರೆ ತೂಗಿದ ಕಲ್ಲು. ಹುಟ್ಟಿದ್ದು ವೇದಾವತಿ ಹೊಳೆಯಲ್ಲಿ. ಯಾವಾಗ ಎಂದು ಕೇಳಬೇಡಿ, ಕಲ್ಲುಗಳಿಗೆ ಜಾತಕ ಬರೆಸುವವರಿಲ್ಲ. ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾಗಿ, ಹೊಳೆ ಬತ್ತಿದಾಗ ಮರಳಿನ ಮೇಲೆ ಬಿದ್ದಿದ್ದೆ. ಹಾಗೇ ಬಿದ್ದಿದ್ದರೆ ನೆಮ್ಮದಿಯಾಗಿರುತ್ತಿತ್ತೇನೋ.

ಒಂದು ಬೆಳಗ್ಗೆ ಮರುಳಸಿದ್ದಪ್ಪ ತಕ್ಕಡಿ ಹಿಡಿದುಕೊಂಡು ಹೊಳೆಗೆ ಬಂದ. ದಾವಣಗೆರೆಯ ಬೇಕರಿಯೊಂದರಲ್ಲಿ ಒಂಬತ್ತು ವರ್ಷ ಹಿಟ್ಟು ನಾದಿ, ಕೆಲಸ ಕಲಿತು, ಸ್ವಂತ ಅಂಗಡಿ ಇಡಲು ಊರಿಗೆ ಮರಳಿದವನು. ಓದು ಬರಹ ಬರುತ್ತಿರಲಿಲ್ಲ. ಆಗ ಸೇರು ಹೋಗಿ ಕಿಲೋ ಬಂದ ಹೊಸತು, ಅಂಗಡಿಯವರಿಗೆಲ್ಲ ತಲೆ ಕೆಟ್ಟುಹೋಗಿತ್ತು. "ಸರ್ಕಾರದೋರು ಕಲ್ಲು ಬದಲಾಯಿಸ್ತಾ ಇರ್ಲಿ, ನಂದು ಒಂದೇ ಕಲ್ಲು" ಎಂದು ಮರುಳಸಿದ್ದಪ್ಪ ಹಟ ಹಿಡಿದಿದ್ದ. ಮನೆಯಲ್ಲಿ ಹತ್ತಾರು ಸಲ ಬಿಸ್ಕತ್ತು ಸುಟ್ಟು ನೋಡಿ, ಬಾಯಲ್ಲಿಟ್ಟರೆ ಕರಗುವ ಹದ ಸಿಕ್ಕ ದಿನ ಅಷ್ಟೇ ಬೆಣ್ಣೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ತಂದಿದ್ದ. ಅದನ್ನು ಒಂದು ತಟ್ಟೆಗಿಟ್ಟು ಇನ್ನೊಂದರಲ್ಲಿ ಹೊಳೆಯ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದ. ಮೂವತ್ತು ಕಲ್ಲುಗಳನ್ನು ಎಸೆದ. ನನ್ನನ್ನು ಇಟ್ಟಾಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ನನಗೆ ಜಂಬ ಬಂದದ್ದು ಅವತ್ತೇ, ಅದನ್ನು ಮುಚ್ಚಿಡುವುದಿಲ್ಲ.

ಹೊರಗಿನ ವ್ಯಾಪಾರಕ್ಕೆ ಮುದ್ರೆ ಒತ್ತಿದ ಕಬ್ಬಿಣದ ತೂಕದ ಬೊಟ್ಟುಗಳಿದ್ದವು. ನಾನು ಒಳಮನೆಯವನು. ಭಟ್ಟಿಯ ಪಕ್ಕ, ತೊಲೆಗೆ ತೂಗುಹಾಕಿದ ತಕ್ಕಡಿಯ ಬಲತಟ್ಟೆ ನನ್ನ ಜಾಗ. ಲೆಕ್ಕ ಇಷ್ಟೇ: ಒಂದು ಡಬ್ಬ ಮೈದಾಕ್ಕೆ ಒಂದು ಕಲ್ಲು ಬೆಣ್ಣೆ, ಒಂದು ಕಲ್ಲು ಸಕ್ಕರೆ. ಅದರಿಂದಾದ ಬೆಣ್ಣೆ ಬಿಸ್ಕತ್ತನ್ನು ಬಸ್ಸಿನವರು ಬಸ್ಸು ನಿಲ್ಲಿಸಿ ಕೊಂಡೊಯ್ಯುತ್ತಿದ್ದರು. ಬಾಣಂತಿಯರ ಮನೆಗೆ, ಕಾಯಿಲೆಯವರ ತಲೆದೆಸೆಗೆ, ಹೆಣ್ಣು ನೋಡಲು ಬಂದವರ ತಟ್ಟೆಗೆ ಅದೇ ಬಿಸ್ಕತ್ತು. ಆಯುಧಪೂಜೆಯ ದಿನ ಭಟ್ಟಿಗಿಂತ ಮೊದಲು ನನಗೆ ವಿಭೂತಿ ಬೀಳುತ್ತಿತ್ತು.

ಮರುಳಸಿದ್ದಪ್ಪನ ನಂತರ ಅವನ ಮಗ ಓಂಕಾರಪ್ಪ ಬಂದ. ಅಪ್ಪನಷ್ಟೇ ಒಳ್ಳೆಯ ಕೈ, ಅಪ್ಪನಿಗಿಂತ ಕಮ್ಮಿ ಮಾತು. ಕಲಿಸಿ ಎಂದು ಅವನು ಕೇಳಿರಲಿಲ್ಲ, ಕಲಿಸುತ್ತೇನೆ ಎಂದು ಅಪ್ಪನೂ ಹೇಳಿರಲಿಲ್ಲ. ಪಕ್ಕದಲ್ಲಿ ನಿಂತು ನಿಂತು ಕೈಗೆ ಬಂದಿತ್ತು. ಆ ಮನೆಯಲ್ಲಿ ವಿದ್ಯೆ ದಾಟುತ್ತಿದ್ದದ್ದು ಹಾಗೆ.

ಅವನ ಕಾಲದಲ್ಲಿ ನನಗೊಂದು ಪೆಟ್ಟು ಬಿತ್ತು. ಒಂದು ದಿನ ತಟ್ಟೆಯಿಂದ ಎತ್ತುವಾಗ ಎಣ್ಣೆಗೈಯಿಂದ ಜಾರಿ ಭಟ್ಟಿಯ ಮೆಟ್ಟಿಲಿಗೆ ಬಡಿದೆ. ಅಂಗೈಯಗಲದ ಒಂದು ಚಕ್ಕೆ ಎದ್ದು ಚೂರುಚೂರಾಗಿ ಬೂದಿಯಲ್ಲಿ ಬೆರೆತುಹೋಯಿತು. ಪುಣ್ಯಕ್ಕೆ ಅವತ್ತಿನ ಬೆಣ್ಣೆ ಆಗಲೇ ತೂಗಿ ಎಡತಟ್ಟೆಯಲ್ಲಿತ್ತು. ಓಂಕಾರಪ್ಪ ನನ್ನನ್ನು ಎತ್ತಿ ಬಲತಟ್ಟೆಗಿಟ್ಟ, ತಟ್ಟೆ ಪೂರ್ತಿ ಇಳಿಯದೆ ಮೇಲೆಯೇ ನಿಂತಿತು. ಸುತ್ತ ನೋಡಿದ. ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಬಿಚ್ಚಿ ನನ್ನ ಪಕ್ಕ ಇಟ್ಟ. ಐದು ಬೀಗದ ಕೈ, ಒಂದು ಹಿತ್ತಾಳೆ ಬಳೆ. ಮುಳ್ಳು ನೆಟ್ಟಗೆ ನಿಂತಿತು.

"ನಾಳೆ ಹೊಳೆ ಕಡೆ ಹೋಗಿ ಬೇರೆ ಕಲ್ಲು ನೋಡಾನ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ನಾಳೆ ಬರಲೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆದು ಒಳಗೆ ಬಂದವನೇ ಗೊಂಚಲನ್ನು ತಟ್ಟೆಗೆ ಹಾಕುವುದು, ತೂಕ ಮುಗಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಮೊದಲ ವರ್ಷ ನೆನಪಿಟ್ಟು ಮಾಡಿದ. ಆಮೇಲೆ ಅದು ಕೈಗೆ ಅಂಟಿದ ಚಾಳಿಯಾಗಿ, ಯಾಕೆ ಮಾಡುತ್ತೇನೆಂಬುದು ಅವನಿಗೇ ಮರೆತುಹೋಯಿತು. ಇಪ್ಪತ್ತು ವರ್ಷ ಕಳೆಯಿತು. ನೋಡಿದವರು, ಓಂಕಾರಪ್ಪನಿಗೆ ಬೀಗದ ಕೈ ಇಡಲು ಬೇರೆ ಜಾಗವಿಲ್ಲ ಎಂದುಕೊಂಡರು.

ಓಂಕಾರಪ್ಪನಿಗೆ ಒಬ್ಬಳೇ ಮಗಳು, ಶಶಿಕಲಾ. ಅದೇ ಊರಿಗೆ ಮದುವೆಯಾಗಿದ್ದಳು. ಮಕ್ಕಳನ್ನು ಶಾಲೆಗೆ ಕಳಿಸಿ ಬೇಕರಿಗೆ ಬರತೊಡಗಿದಾಗ ಅವಳಿಗೆ ಮೂವತ್ತನಾಲ್ಕು. ಅಪ್ಪನ ನಂತರ ಬೇಕರಿ ನಡೆಸುವವಳು ತಾನೇ ಎಂದು ಅವಳು ಯಾರನ್ನೂ ಕೇಳದೆ ತೀರ್ಮಾನಿಸಿದ್ದಳು. ನನಗೆ ಅವಳು ಹಿಡಿಸಿದಳು. ಬಂದ ವಾರವೇ ಗೋಡೆಗೆ ಸುಣ್ಣ ಹೊಡೆಸಿದಳು, ಬಿಸ್ಕತ್ತಿಗೆ ಅಂಗಡಿಯ ಹೆಸರಿನ ರಟ್ಟಿನ ಪೆಟ್ಟಿಗೆ ಮಾಡಿಸಿದಳು. ಬಾಗಿಲ ಪಕ್ಕ ಒಂದು ಮೊಳೆ ಹೊಡೆದು, "ಅಪ್ಪಾಜಿ, ಬೀಗದ ಕೈ ಇಲ್ಲಿ ನೇತಾಕಿ. ತಿನ್ನೋ ಸಾಮಾನು ತೂಗೋ ತಟ್ಟೇಲಿ ಇಡ್ತೀರಲ್ಲ, ಗಲೀಜು" ಎಂದಳು. ಓಂಕಾರಪ್ಪ ಹೂಂ ಎಂದ. ಮರುದಿನ ಗೊಂಚಲು ತಟ್ಟೆಯಲ್ಲೇ ಇತ್ತು.

ಅವಳು ರಾಗಿ, ಬೆಲ್ಲ ಹಾಕಿ ಹೊಸ ಬಿಸ್ಕತ್ತು ಮಾಡಿದ ದಿನ ಅಪ್ಪ ಮಗಳಿಗೆ ಮಾತು ಬೆಳೆಯಿತು.

"ರಾಗಿ ತಿನ್ನಾಕೆ ಬೇಕರಿಗೆ ಯಾರು ಬತ್ತಾರವ್ವ? ಮನೇಲಿ ಮುದ್ದೆ ಇಲ್ವಾ?"

"ಸಕ್ಕರೆ ಕಾಯಿಲೆಯೋರು ಬರ್ತಾರೆ ಅಪ್ಪಾಜಿ. ಈಗ ಮನೆಗೊಬ್ರು ಅವ್ರೆ."

"ಬೀಗದ ಕೈ ನಿನ್ನ ಕೈಗೆ ಬಂದ ಮ್ಯಾಲೆ ನಿನ್ನಿಷ್ಟ ಬಂದಂಗೆ ಮಾಡು. ಅಲ್ಲೀಗಂಟ ಸುಮ್ನಿರು."

ಸಿಟ್ಟಿನಲ್ಲಿ ಆಡಿದ ಮಾತು. ಆಡಿದವನು ಊಟದ ಹೊತ್ತಿಗೆ ಮರೆತ, ಎರಡು ರಾಗಿ ಬಿಸ್ಕತ್ತನ್ನೂ ತಿಂದ. ಶಶಿಕಲಾ ಮರೆಯಲಿಲ್ಲ.

ಆದರೂ ಜಾಣೆ. ಒಂದು ಮಧ್ಯಾಹ್ನ ನೂರು ಹಾಳೆಯ ನೋಟ್‌ಬುಕ್ಕು ತಂದು ಅಪ್ಪನ ಎದುರು ಕೂತಳು. "ಎಲ್ಲ ನಿಮ್ಮ ಕೈಯಲ್ಲೈತೆ. ನಾಳೆ ನಿಮಗೆ ಜ್ವರ ಬಂದ್ರೆ ಭಟ್ಟಿ ಆರಿಸ್ಬೇಕಾ? ಒಂದೊಂದೇ ಹೇಳಿ, ಬರ್ಕೊಳ್ತೀನಿ." ಓಂಕಾರಪ್ಪ ಹೇಳಿದ. ಯಾವುದನ್ನೂ ಬಚ್ಚಿಡಲಿಲ್ಲ. ಹಿಟ್ಟು ಎಷ್ಟು ಹೊತ್ತು ನೆನೆಯಬೇಕು, ಭಟ್ಟಿಯೊಳಗೆ ಹಿಡಿ ಮೈದಾ ಎರಚಿ ಬಿಸಿ ನೋಡುವುದು ಹೇಗೆ, ಜಾಲಿ ಸೌದೆ ಯಾಕೆ ಬೇಡ, ಎಲ್ಲ ಹೇಳಿದ. ಬೆಣ್ಣೆ ಬಿಸ್ಕತ್ತಿನ ಸರದಿ ಬಂದಾಗ "ಒಂದು ಡಬ್ಬ ಮೈದಾ, ಒಂದು ಕಲ್ಲು ಬೆಣ್ಣೆ, ಒಂದು ಕಲ್ಲು ಸಕ್ಕರೆ" ಎಂದ. ಅವನ ಅಪ್ಪನೂ ಹಾಗೇ ಹೇಳುತ್ತಿದ್ದದ್ದು. ಶಶಿಕಲಾ ನನ್ನನ್ನು ಕೌಂಟರಿನ ವಿದ್ಯುತ್ ತಕ್ಕಡಿಯ ಮೇಲಿಟ್ಟು, ಬಂದ ಅಂಕಿಯನ್ನು ಬರೆದು, ಕೆಳಗೆ ಗೆರೆ ಎಳೆದಳು. ಗೊಂಚಲು ಓಂಕಾರಪ್ಪನ ಸೊಂಟದಲ್ಲಿತ್ತು. ಬಾಯಿಗೆ ಗೊತ್ತಿದ್ದದ್ದು ಬಾಯಿ ಹೇಳಿತು. ಕೈಗೆ ಗೊತ್ತಿದ್ದದ್ದನ್ನು ಯಾರೂ ಕೇಳಲಿಲ್ಲ. ನನಗೆ ಬಾಯಿದ್ದಿದ್ದರೆ ಅವತ್ತು ಕಿರುಚುತ್ತಿದ್ದೆ.

ಆ ಚಳಿಗಾಲದಲ್ಲಿ ಓಂಕಾರಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ತಂದ ಮರುದಿನವೇ ಶಶಿಕಲಾ ಬೇಕರಿಯ ಬಾಗಿಲು ತೆಗೆದಳು. ಬೀಗದ ಕೈಯನ್ನು ನೀಟಾಗಿ ಮೊಳೆಗೆ ನೇತುಹಾಕಿ, ನೋಟ್‌ಬುಕ್ಕು ಬಿಡಿಸಿ, ಅದರಲ್ಲಿದ್ದಂತೆ ಬೆಣ್ಣೆ ಬಿಸ್ಕತ್ತು ಮಾಡಿದಳು. ನೋಡಲು ಚೆನ್ನಾಗಿತ್ತು. ಬಾಯಲ್ಲಿ ಕರಗಲಿಲ್ಲ, ಹಲ್ಲಿಗೆ ಹತ್ತಿತು.

ದಿನಾ ಸಂಜೆ ಬರುವ ರುದ್ರಮುನಿ ಮೇಷ್ಟ್ರು ಅರ್ಧ ಕಡಿದು ಉಳಿದರ್ಧವನ್ನು ಜೇಬಿಗಿಟ್ಟುಕೊಂಡರು. "ಬೇಜಾರು ಮಾಡ್ಕೋಬೇಡ ಕಣಮ್ಮ, ನಿಮ್ಮಪ್ಪನ ಕೈ ಇದ್ರಲ್ಲಿ ಇಲ್ಲ" ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಮಾತು ಊರೆಲ್ಲ ಓಡಾಡಿತು.

ಶಶಿಕಲಾ ಪುಸ್ತಕದ ಅಂಕಿಯನ್ನು ನಂಬದೆ ನನ್ನನ್ನೇ ತಟ್ಟೆಗಿಟ್ಟು ತೂಗಿದಳು. ಅದೇ ಬಿಸ್ಕತ್ತು. ಬೆಣ್ಣೆ ಹೆಚ್ಚಿಸಿದಳು, ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿತು. ಅದನ್ನು ಬಿಟ್ಟು ಸಕ್ಕರೆ ಹೆಚ್ಚಿಸಿದಳು, ಕೆಂಪಗಾಗಿ ಕಟಕಟ ಎಂದಿತು. ಮೈದಾ ಒಂದಿಷ್ಟು ತಗ್ಗಿಸಿದ್ದರೂ ಗೆಲ್ಲುತ್ತಿದ್ದಳು. ಆದರೆ ಅಜ್ಜನ ಡಬ್ಬದ ಅಳತೆಯನ್ನು ಮುರಿಯಲು ಅವಳಿಗೆ ಧೈರ್ಯ ಬರಲಿಲ್ಲ. ಚಹಾದಂಗಡಿಯವರು ಒಬ್ಬೊಬ್ಬರಾಗಿ ಬೇರೆ ಕಡೆಯ ಬಿಸ್ಕತ್ತು ತರಿಸಿಕೊಂಡರು. ಅವಳ ರಾಗಿ ಬಿಸ್ಕತ್ತು ನಿಜಕ್ಕೂ ಚೆನ್ನಾಗಿತ್ತು. ಬೆಣ್ಣೆ ಬಿಸ್ಕತ್ತಿಗೆ ಬರುವವರು ನಿಂತ ಮೇಲೆ ಅದನ್ನು ಕೊಳ್ಳುವವರೂ ಇಲ್ಲವಾದರು.

ಆಗ ಅವಳ ಮನಸ್ಸಿನಲ್ಲಿ ಒಂದು ಅನುಮಾನ ಮೊಳೆಯಿತು. ಹಿಟ್ಟು ನಾದುತ್ತಾ ಒಬ್ಬಳೇ ಬಾಯಿಬಿಟ್ಟು ಹೇಳಿಕೊಂಡದ್ದನ್ನು ನಾನು ಕೇಳಿದೆ: "ಏನೋ ಒಂದನ್ನ ಮುಚ್ಚಿಟ್ರು. ಮಗ ಆಗಿದ್ರೆ ಹೇಳ್ತಿದ್ರು."

ಮೂರು ತಿಂಗಳಾದ ಮೇಲೆ ಓಂಕಾರಪ್ಪನನ್ನು ಆಟೋದಲ್ಲಿ ತಂದು ಭಟ್ಟಿಯ ಎದುರು ಕುರ್ಚಿಯಲ್ಲಿ ಕೂರಿಸಿದರು. ಮಗಳು ತೂಗುವುದನ್ನು ಅವನು ನೋಡುತ್ತಿದ್ದ. ಬಲತಟ್ಟೆಯಲ್ಲಿ ನಾನೊಬ್ಬನೇ ಇದ್ದೆ. ಅವನ ಕಣ್ಣು ನನ್ನ ಮೇಲೆ ನಿಂತಿತು, ನನ್ನ ಮುರಿದ ಮಗ್ಗುಲಿಗೆ ಬಂತು, ಅಲ್ಲಿಂದ ಕದಲಲಿಲ್ಲ. ಇಪ್ಪತ್ತು ವರ್ಷ ಮರೆತದ್ದು ಅವನಿಗೆ ಆಗ ನೆನಪಾಯಿತು. ಗಂಟಲಿನಲ್ಲಿ ಏನೋ ಗೊರಗುಟ್ಟುತ್ತಾ ಎಡಗೈ ಎತ್ತಿ ಮೊಳೆಯ ಕಡೆ ತೋರಿಸಿದ.

"ಬೀಗದ ಕೈ ಬೇಕಾ ಅಪ್ಪಾಜಿ?"

ಅವನು ಹೌದೆಂದು ಜೋರಾಗಿ ತಲೆಯಾಡಿಸಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅಪ್ಪ ಬೇಕರಿಯನ್ನೇ ವಾಪಸು ಕೇಳುತ್ತಿದ್ದಾನೆ ಎಂದುಕೊಂಡಳು ಶಶಿಕಲಾ. ಮೊಳೆಯಿಂದ ಗೊಂಚಲು ತೆಗೆದು ಅವನ ಎಡಗೈಯಲ್ಲಿಟ್ಟಳು. ಓಂಕಾರಪ್ಪ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಅದನ್ನು ನನ್ನ ಕಡೆ ಎಸೆದ. ಎಡಗೈ ಅವನ ಮಾತು ಕೇಳಲಿಲ್ಲ. ತಟ್ಟೆಗೆ ಒಂದು ಗೇಣು ಈಚೆಗೆ ಗೊಂಚಲು ನೆಲಕ್ಕೆ ಬಿದ್ದು ಶಶಿಕಲಾಳ ಕಾಲಿಗೆ ತಾಗಿತು.

ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. "ಆಯ್ತು ಅಪ್ಪಾಜಿ. ನನ್ನ ಮ್ಯಾಲೆ ನಂಬಿಕೆ ಇಲ್ಲ ಅಂದ್ರೆ ಬ್ಯಾಡ. ಮುಖಕ್ಕೆ ಎಸೀಬೇಕಾಗಿರಲಿಲ್ಲ" ಎಂದಳು. ಓಂಕಾರಪ್ಪ ಅಲ್ಲವೆಂದು ತಲೆ ಅಲ್ಲಾಡಿಸಿದ, ಗೊರಗುಟ್ಟಿದ, ಮತ್ತೆ ಮತ್ತೆ ತಟ್ಟೆಯ ಕಡೆ ಕೈ ಮಾಡಿದ. ಅವಳು ಆ ಕಡೆ ನೋಡಲಿಲ್ಲ. ಅಷ್ಟು ಹೊತ್ತಿಗೆ ನೀರು ತುಂಬಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಆ ವಾರ ಭಟ್ಟಿ ಆರಿತು. ಉರಿಯುವ ಭಟ್ಟಿಯ ಪಕ್ಕದಲ್ಲೇ ಬದುಕಿದ್ದ ನನಗೆ ಮೊದಲ ಸಲ ಚಳಿಯಾಯಿತು. ಬೇಕರಿಯ ಜಾಗದಲ್ಲಿ ಈಗ ಮೊಬೈಲು ರಿಪೇರಿ ಅಂಗಡಿ ಇದೆ. ಅವರು ಹೊಸ ಬಾಗಿಲು, ಹೊಸ ಬೀಗ ಹಾಕಿಕೊಂಡರು. ತಕ್ಕಡಿ ಗುಜರಿಗೆ ಹೋಯಿತು. ಅಜ್ಜನ ನೆನಪಿಗೆ ಇರಲಿ ಎಂದು ಶಶಿಕಲಾ ನನ್ನನ್ನು ಮನೆಗೆ ಒಯ್ದಳು. ಓಂಕಾರಪ್ಪ ಇನ್ನೂ ಎಂಟು ತಿಂಗಳು ಹಾಸಿಗೆಯಲ್ಲಿದ್ದ. ಮಗಳು ಊಟ ಮಾಡಿಸಲು ಬಂದಾಗಲೆಲ್ಲ ಎಡಗೈ ಎತ್ತಿ ಏನೋ ಹೇಳಲು ಹೋಗುತ್ತಿದ್ದ. "ಬಿಡಿ ಅಪ್ಪಾಜಿ, ನನಗೇನೂ ಬೇಜಾರಿಲ್ಲ" ಎಂದು ಅವಳು ಕೈಯನ್ನು ಮೆಲ್ಲಗೆ ಕೆಳಗಿಡುತ್ತಿದ್ದಳು. ಕೊನೆಗೆ ಅವನು ಎತ್ತುವುದನ್ನೇ ಬಿಟ್ಟ, ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಈಗ ನನ್ನ ವಾಸ ಗೋಡೆಯ ಗೂಡಿನಲ್ಲಿ, ಓಂಕಾರಪ್ಪನ ಫೋಟೋದ ಕೆಳಗೆ. ಯಾವ ಬೀಗಕ್ಕೂ ಹೊಂದದ ಆ ಹಳೆಯ ಗೊಂಚಲನ್ನು ಎಸೆಯಲು ಮನಸ್ಸಾಗದೆ ಶಶಿಕಲಾ ತಂದು ನನ್ನ ಮೇಲೆಯೇ ಇಟ್ಟಿದ್ದಾಳೆ. ಐದು ಬೀಗದ ಕೈ, ಒಂದು ಹಿತ್ತಾಳೆ ಬಳೆ. ಸೋಮವಾರ ಸೋಮವಾರ ವಿಭೂತಿ ಹಚ್ಚಲು ಬಂದವಳು ನಮ್ಮಿಬ್ಬರನ್ನೂ ಒಟ್ಟಿಗೆ ಎತ್ತಿ, ಗೂಡು ಒರೆಸಿ, ಒಟ್ಟಿಗೇ ಇಡುತ್ತಾಳೆ. ಅವಳ ಅಜ್ಜ ಹೊಳೆಯ ದಂಡೆಯಲ್ಲಿ ಹುಡುಕಿದ ತೂಕ ಅಷ್ಟು ಹೊತ್ತು ಅವಳ ಅಂಗೈಯಲ್ಲೇ ಇರುತ್ತದೆ. ಆಮೇಲೆ ಫೋಟೋದ ಕಡೆ ನೋಡಿ, ಪ್ರತಿ ವಾರದಂತೆ, "ನನಗೊಂದು ಮಾತು ಹೇಳಬಾರದಿತ್ತಾ ಅಪ್ಪಾಜಿ" ಎಂದು ಕೇಳುತ್ತಾಳೆ.