ಎಡಗೈ ಗಂಟು

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಬರಗೇರಮ್ಮ ಮದುವೆಯಾದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ಆದರೆ ಹೆಸರಿಲ್ಲದೆ ಈ ಕಥೆ ಹೇಳಿದರೆ ಐಮಂಗಲದ ಉಳಿದ ಗಂಡಸರ ಮೇಲೆಲ್ಲ ಅನುಮಾನ ಬರುತ್ತದೆ. ಆದ್ದರಿಂದ ಒಂದೇ ಸಲ ಹೇಳಿಬಿಡುತ್ತೇನೆ: ಗುಡ್ಡಪ್ಪ. ಇನ್ನು ಮುಂದೆ ಇವರು ಎಂದರೆ ಅವರೇ, ನಾನು ಎಂದರೆ ನಿಂಗಿ.

ಇವರಿಗೆ ನಲವತ್ತು ಕುರಿಗಳಿವೆ. ಮಾವನವರು ಕಂಬಳಿ ನೇಯುತ್ತಿದ್ದರು. ಅತ್ತೆ ಈಗಲೂ ಹೊತ್ತು ಹೋಗದಿದ್ದರೆ ಕದಿರು ಹಿಡಿದು ಉಣ್ಣೆ ನೂಲುತ್ತಾರೆ. ಇಂಥ ಮನೆಯಲ್ಲಿ ಹುಟ್ಟಿದವರು ಅಂಗಡಿಗೆ ಒಂದು ಚೀಲ ಹಿಡಿದು ಹೋಗಬೇಕೋ ಬೇಡವೋ? ಚೀಲ ಹಿಡಿದರೆ ಇವರ ಮರ್ಯಾದೆಗೆ ಕಡಿಮೆ. ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಕೈಬೀಸಿಕೊಂಡು ಹೋಗುವುದು, ಬರುವಾಗ ಬೆರಳಿಗೊಂದರಂತೆ ಪ್ಲಾಸ್ಟಿಕ್ ಕವರ್ ತೂಗಾಡಿಸಿಕೊಂಡು ಬರುವುದು. ಹಸಿಮೆಣಸಿನಕಾಯಿಗೊಂದು, ಕೊತ್ತಂಬರಿಗೊಂದು, ಎರಡೇ ಎರಡು ನಿಂಬೆಹಣ್ಣಿಗೆ ಮತ್ತೊಂದು. ಅತ್ತೆ ಹಳೇ ಕಂಬಳಿಯ ತುಂಡಿನಿಂದ ಹೊಲಿದುಕೊಟ್ಟ ಚೀಲ ಬಾಗಿಲ ಪಕ್ಕದ ಗೂಟದಲ್ಲೇ ನೇತಾಡುತ್ತಿತ್ತು. ಅದರೊಳಗೆ ಜೇಡವೊಂದು ಸಂಸಾರ ಹೂಡಿತ್ತು.

ಕವರ್ ಹಾಗಿರಲಿ, ಗಂಟಿನ ವಿಷಯ ಕೇಳಿ. ಇವರು ಎಡಚರು. ಕುರಿಮರಿ ಕಟ್ಟುವ ಗಂಟನ್ನು ಅಪ್ಪನಿಂದ ಕಲಿತರು, ಆದರೆ ಎಡಗೈಯಲ್ಲಿ ಕಲಿತದ್ದರಿಂದ ಅದು ತಿರುವುಮುರುವಾಗಿ ಕೂತಿತು. ಮರಿ ಎಷ್ಟು ಜಗ್ಗಿದರೂ ಸಡಿಲವಾಗುವುದಿಲ್ಲ. ಇವರು ಅದೆಲ್ಲೋ ಒಂದು ತುದಿ ಹಿಡಿದು ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಮಿಕ್ಕವರ ಪಾಲಿಗೆ ಅದು ಬ್ರಹ್ಮಗಂಟು. ಹದಿನಾರು ವರ್ಷ ಸಂಸಾರ ಮಾಡಿದ ನನಗೂ ಅದನ್ನು ಬಿಚ್ಚಲು ಬಂದಿಲ್ಲ. ಉಪ್ಪಿನ ಕವರಿಗೂ ಅದೇ ಗಂಟು, ಬೆಲ್ಲದ ಕವರಿಗೂ ಅದೇ ಗಂಟು. ನನಗೆ ಈಳಿಗೆಮಣೆಯೇ ಗತಿ.

ಸಂಜೆ ಬಸ್‌ಸ್ಟ್ಯಾಂಡಿನಿಂದ ಮಂಡಕ್ಕಿ ಖಾರ ಕಟ್ಟಿಸಿಕೊಂಡು ಬರುವುದು ಇವರ ಇನ್ನೊಂದು ಚಾಳಿ. ಅದು ನನಗಲ್ಲ, ಮಗಳಿಗೂ ಅಲ್ಲ, ಕರಿಮೂತಿಗೆ. ಕರಿಮೂತಿ ಎಂದರೆ ಹುಟ್ಟಿದ ದಿನವೇ ತಾಯಿ ಸತ್ತ ಕುರಿ. ಇವರೇ ಬಾಟಲಿಯಲ್ಲಿ ಹಾಲು ಕುಡಿಸಿ, ಕಂಬಳಿಯೊಳಗೆ ಮಲಗಿಸಿಕೊಂಡು ಬೆಳೆಸಿದ್ದರು. ನಮ್ಮ ಬೊಮ್ಮಕ್ಕ ಹಸುಗೂಸಾಗಿದ್ದಾಗ ಅವಳನ್ನೂ ಇಷ್ಟು ಎತ್ತಿ ಆಡಿಸಿದ ನೆನಪು ನನಗಿಲ್ಲ. ಕವರ್ ಬಿಚ್ಚುವ ಸದ್ದಾದರೆ ಸಾಕು, ಕರಿಮೂತಿ ಓಡಿ ಬಂದು ಅದರೊಳಗೆ ಮೂತಿ ತೂರಿಸುತ್ತಿತ್ತು. ಇವರು ಒಂದು ಹಿಡಿ ಮಂಡಕ್ಕಿ ತಿನ್ನಿಸಿ, ಉಳಿದ ಈರುಳ್ಳಿ ಚೂರು, ಖಾರದ ಪುಡಿಯ ಸಮೇತ ಕವರಿಗೆ ಗಂಟು ಬಿಗಿದು ತಿಪ್ಪೆಗೆ ಎಸೆಯುತ್ತಿದ್ದರು.

ಎಂಟನೇ ಕ್ಲಾಸಿನ ಬೊಮ್ಮಕ್ಕ ಶಾಲೆಯಲ್ಲಿ ಕಲಿತು ಬಂದದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸಿದಳು. ಮನೆಯ ಕವರ್‌ಗಳನ್ನು ಕೂಡಿಟ್ಟು ಪಂಚಾಯ್ತಿಯ ಕಸದ ಗಾಡಿಗೆ ಹಾಕೋಣ ಎಂದಳು. ಇವರು ನಕ್ಕುಬಿಟ್ಟರು.

“ಗಂಟು ಹಾಕಿದ್ಮೇಲೆ ಅದು ಕಸ ಎಂಗಾಗುತ್ತೆ? ಗಾಳಿಗೆ ಹಾರಲ್ಲ, ಯಾರ ಬಾಯಿಗೂ ಸಿಗಲ್ಲ. ಹೈವೇನಾಗೆ ಕಾರಿನಿಂದ ಎಸ್ಕಂಡು ಹೋಗ್ತಾರಲ್ಲ, ನಿನ್ ಪಾಠವ ಅವರಿಗೆ ಹೇಳು ಹೋಗು.”

ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು ಮಗಳ ಪಾಠ. ನಾನೂ ಎಷ್ಟೋ ಸಲ ಹೇಳಿ ಬಾಯಿ ನೋಯಿಸಿಕೊಂಡವಳೇ.

ಕಾರ್ತಿಕದ ಒಂದು ಶನಿವಾರ ಕರಿಮೂತಿ ಮೇವು ಬಿಟ್ಟಿತು. ಮೆಲುಕು ಹಾಕುವುದೂ ನಿಂತಿತು, ಹೊಟ್ಟೆ ಎಡಗಡೆಗೆ ಡೊಳ್ಳಿನಂತೆ ಊದಿತು. ಅತ್ತೆ ಓಮಿನ ಕಷಾಯ ಕುಡಿಸಿದರು, ಇವರು ಎಣ್ಣೆ ಕುಡಿಸಿದರು. ಭಾನುವಾರ ಬೆಳಿಗ್ಗೆ ಅದು ಏಳಲೇ ಇಲ್ಲ. ಇವರು ಟವೆಲು ಹಾಕಿಕೊಳ್ಳುವುದನ್ನೂ ಮರೆತು, ಅದನ್ನು ತಬ್ಬಿಕೊಂಡು ಗೂಡ್ಸ್ ಆಟೋ ಹತ್ತಿದರು. ನಾನೂ ಬೊಮ್ಮಕ್ಕನೂ ಹಿಂದೆ ಕೂತೆವು. ಹಿರಿಯೂರಿನ ದನದ ಆಸ್ಪತ್ರೆ ಮುಟ್ಟುವವರೆಗೂ ಇವರು ಒಂದೇ ಒಂದು ಮಾತಾಡಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಡಾಕ್ಟರ್ ಶಿವಕುಮಾರಪ್ಪನವರು ಹೊಟ್ಟೆ ಮುಟ್ಟಿ ನೋಡಿ, ಕೊಯ್ದು ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಮುಕ್ಕಾಲು ಗಂಟೆಯ ನಂತರ ಅವರು ತಗಡಿನ ತಟ್ಟೆಯಲ್ಲಿ ಹೊರಗೆ ತಂದಿಟ್ಟದ್ದು ಹಾಸಿಗೆಯ ಹತ್ತಿಯಂತೆ ಗಟ್ಟಿಕಟ್ಟಿದ ಒಂದು ಮುದ್ದೆ. ಎಲ್ಲಾ ಪ್ಲಾಸ್ಟಿಕ್ಕೇ. ಇವರಿಗೆ ಅಲ್ಲಿಯವರೆಗೆ ಕಟ್ಟಿಹೋಗಿದ್ದ ಬಾಯಿ ಒಮ್ಮೆಲೇ ಬಂತು. ಹೈವೇಯಲ್ಲಿ ಹೋಗುವ ಕಾರಿನವರು, ಬಸ್ಸಿನವರು, ಅವರ ಹಿಂದಿನ ಏಳು ತಲೆಮಾರಿನವರು, ಯಾರನ್ನೂ ಬಿಡದೆ ಬೈದರು. ಡಾಕ್ಟರು ಕೇಳಿಸಿಕೊಳ್ಳುತ್ತಲೇ ಚಿಮುಟದಲ್ಲಿ ಮುದ್ದೆ ಬಿಡಿಸುತ್ತಿದ್ದರು. ಒಂದು ಕವರ್ ಮಾತ್ರ ಹರಿಯದೆ ಇಡಿಯಾಗಿ ಸಿಕ್ಕಿತು, ಬಾಯಿ ಕಟ್ಟಿದ ಹಾಗೇ ಇತ್ತು. ಒಳಗೇನಿದೆ ನೋಡೋಣವೆಂದು ಅವರು ಚಿಮುಟದಲ್ಲಿ ಎಳೆದರು, ಕೈಗವಸಿನ ಬೆರಳಲ್ಲಿ ಕೆದಕಿದರು. ಗಂಟು ಜಗ್ಗಲಿಲ್ಲ.

ಬೈಯುತ್ತ ಬೈಯುತ್ತಲೇ ಇವರು ಎಡಗೈ ಚಾಚಿದರು, ಒಂದು ತುದಿ ಹಿಡಿದು ಎಳೆದರು. ಸರಕ್ಕನೆ ಬಿಚ್ಚಿಕೊಂಡಿತು.

ಒಳಗೆ ಈರುಳ್ಳಿಯ ಚೂರುಗಳಿದ್ದವು. ಇವರ ಬೈಗುಳ ಅರ್ಧಕ್ಕೇ ನಿಂತುಹೋಯಿತು. ಡಾಕ್ಟರು ಒಮ್ಮೆ ಗಂಟನ್ನೂ ಒಮ್ಮೆ ಇವರ ಕೈಯನ್ನೂ ನೋಡಿದರು. ಬೊಮ್ಮಕ್ಕ ನೆಲ ನೋಡಿದಳು. ಹದಿನಾರು ವರ್ಷದಲ್ಲಿ ನಾನು ಆಡಬಹುದಾಗಿದ್ದ ಅತಿ ಒಳ್ಳೆಯ ಮಾತು ಆಗ ನಾಲಿಗೆ ತುದಿಗೆ ಬಂದಿತ್ತು. ಇವರ ಮುಖ ನೋಡಿ ನುಂಗಿಕೊಂಡೆ.

“ಮಂಡಕ್ಕಿ ರುಚಿ ಹತ್ಸಿದೋನೂ ನಾನೇ ಸಾರ್,” ಎಂದರು ಇವರು. “ಆ ವಾಸ್ನೆಗೇ ತಿಂದೈತೆ ಅದು.”

ಮೂರು ದಿನದೊಳಗೆ ಮೆಲುಕು ಹಾಕಿದರೆ ಬದುಕಿತು ಎಂದುಕೊಳ್ಳಿ, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಒಣ ಮೇವು, ಮಂಡಕ್ಕಿ ಯಾವುದೂ ಸದ್ಯಕ್ಕೆ ಬೇಡ, ಎಳೇ ಹುಲ್ಲು ಮಾತ್ರ. ಉಳಿದ ಕುರಿಗಳನ್ನೂ, ಮೇಯುವ ಜಾಗ ಹಸನಾಗುವವರೆಗೆ ಹೊರಗೆ ಬಿಡಬಾರದು.

ಹೀಗೆ ಮಾರನೆಯ ದಿನ ನಮ್ಮ ಮನೆಯವರೆಲ್ಲ ಬೆಳಗಾಗುತ್ತಲೇ ಗೊಬ್ಬರದ ಖಾಲಿ ಚೀಲ ಹಿಡಿದು ಹೊರಟೆವು. ತಿಪ್ಪೆಯಿಂದ ಹಳ್ಳದವರೆಗೆ ನಾನು, ಹಳ್ಳದಿಂದ ಹೈವೇ ಪಕ್ಕದ ರಸ್ತೆಯವರೆಗೆ ಇವರು, ಶಾಲೆಗೆ ಹೋಗುವ ಮೊದಲು ಬೇಲಿಸಾಲಿಗೆ ಬೊಮ್ಮಕ್ಕ. ಅತ್ತೆಗೆ ಬಗ್ಗಲಾಗುವುದಿಲ್ಲ. ಕೋಲಿನ ತುದಿಗೆ ಮೊಳೆ ಹೊಡೆಸಿಕೊಂಡು, ಜಾಲಿಮುಳ್ಳಿಗೆ ಸಿಕ್ಕಿಕೊಂಡ ಕವರ್‌ಗಳನ್ನು ಚುಚ್ಚಿ ಚುಚ್ಚಿ ತೆಗೆದರು. ಪ್ರತಿಯೊಂದಕ್ಕೂ ಮಗನಿಗೆ ಕೇಳುವಂತೆ ಒಂದೊಂದು ಆಶೀರ್ವಾದ ಬೇರೆ.

ಎರಡನೆಯ ದಿನ ಪಕ್ಕದ ಹೊಲದ ಅಂಜನಪ್ಪ ಬೈಕ್ ನಿಲ್ಲಿಸಿ, ಪಂಚಾಯ್ತಿಯಲ್ಲಿ ಕೆಲಸ ಸಿಕ್ಕಿತೇ, ಸಂಬಳವೆಷ್ಟು ಎಂದು ಇವರನ್ನು ಕೇಳಿದ. ಅವನ ಹ್ಯಾಂಡಲಿಗೆ ತೂಗುಬಿದ್ದಿದ್ದ ನಾಲ್ಕು ಕವರ್‌ಗಳನ್ನು ಇವರು ನೋಡಿದ ನೋಟಕ್ಕೆ ಅವನೇ ಗಾಡಿ ಹೊಡೆದುಕೊಂಡು ಹೋದ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಚೀಲ ತುಂಬುತ್ತಿದ್ದರೂ ಇವರ ಅಂಗಿಯ ಜೇಬು ಉಬ್ಬುತ್ತಿದ್ದುದನ್ನು ಬೊಮ್ಮಕ್ಕ ಕಂಡುಹಿಡಿದಳು. ಗಂಟು ಹಾಕಿದ ಕವರ್ ಸಿಕ್ಕಾಗಲೆಲ್ಲ ನಮ್ಮ ಕಣ್ಣಿಗೆ ಬೀಳದಂತೆ ಒಳಗೆ ತುರುಕಿಕೊಳ್ಳುತ್ತಿದ್ದರು. ಸಂಜೆ ಅತ್ತೆ ಅಂಗಳದಲ್ಲಿ ಕೂರಿಸಿ ಎಲ್ಲವನ್ನೂ ಹೊರಗೆ ತೆಗೆಸಿದರು. ಹೈವೇಯವರ ಬಾಟಲಿ, ತಟ್ಟೆ, ಲೋಟಗಳ ಗುಡ್ಡೆ ಒಂದು ಕಡೆ. ಗಂಟು ಬಿದ್ದವುಗಳ ಗುಡ್ಡೆ ಇನ್ನೊಂದು ಕಡೆ. ಅದೂ ಚಿಕ್ಕದೇನಾಗಿರಲಿಲ್ಲ.

“ಬಿಚ್ಚಲೇ ಗುಡ್ಡ,” ಎಂದರು ಅತ್ತೆ. “ಊರಾಗೆ ಇನ್ಯಾರಿಗೂ ಬರಲ್ವಲ್ಲ, ಒಂದೊಂದೂ ನೀನೇ ಬಿಚ್ಚು.”

ಇವರು ಕೂತು ಬಿಚ್ಚಿದರು. ಒಳಗೆ ಉಳಿದಿದ್ದನ್ನು ತಿಪ್ಪೆಗುಂಡಿಗೆ ಸುರಿದು ಮಣ್ಣು ಎಳೆದರು, ಕವರ್‌ಗಳನ್ನು ತೊಳೆದರು. ಮೂರನೆಯ ಬೆಳಿಗ್ಗೆ ಪಂಚಾಯ್ತಿ ಗಾಡಿ ಬಂದು ಐದು ಚೀಲ ಹೊತ್ತುಕೊಂಡು ಹೋಯಿತು. ಅಷ್ಟೆಲ್ಲಾ ಆದರೂ ಕರಿಮೂತಿ ಮೆಲುಕು ಹಾಕಿರಲಿಲ್ಲ. ಇವರು ಹುಲ್ಲು ಹಿಡಿದು ಹತ್ತಿರ ಹೋದರೆ ಮುಖ ಗೋಡೆಗೆ ತಿರುಗಿಸುತ್ತಿತ್ತು. ಬೊಮ್ಮಕ್ಕ ಕೊಟ್ಟರೆ ಎರಡು ಎಸಳು ಕಚ್ಚುತ್ತಿತ್ತು. ಅಂದು ಮಧ್ಯಾಹ್ನ ಇವರು ರಾಗಿಮುದ್ದೆಯ ತಟ್ಟೆಯನ್ನು ಮುಟ್ಟದೆ ಎದ್ದುಹೋದರು.

ಇಳಿಹೊತ್ತಿನಲ್ಲಿ ಕುರಿರೊಪ್ಪಕ್ಕೆ ಹೋಗಿ ನೋಡಿದೆ. ಇವರು ಕರಿಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಡಗೈ ಚಾಚಿದ್ದರು. ಅಂಗೈಯಲ್ಲಿ ಹುಲ್ಲಿಲ್ಲ, ಮಂಡಕ್ಕಿಯಿಲ್ಲ, ಏನೂ ಇಲ್ಲ. ಅದು ಬಹಳ ಹೊತ್ತು ನೋಡಿತು. ಆಮೇಲೆ ಕತ್ತು ಚಾಚಿ ಅಂಗೈಯನ್ನು ಮೂಸಿತು, ಬೆರಳ ಸಂದಿಯನ್ನೆಲ್ಲ ಹುಡುಕಿತು. ಏನೂ ಸಿಗದಿದ್ದರೂ ಆ ಬರಿಗೈಯನ್ನೇ ನೆಕ್ಕಿತು. ನೆಕ್ಕಿ, ಅಲ್ಲೇ ಕಾಲು ಮಡಚಿ ಕೂತಿತು. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಏನೋ ಮೇಲೆ ಬಂತು, ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

ಇವರು ಅತ್ತರು. ನಾನೂ ಅತ್ತುಬಿಟ್ಟೆ, ಕಂಬದ ಮರೆಯಲ್ಲಿ.

ಮುಖ ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದರೆ ಟವೆಲಿರಲಿಲ್ಲ. ಅಂಗಿಯ ತೋಳಿನಲ್ಲೇ ಒರೆಸಿಕೊಂಡು, ನನ್ನ ಕಡೆ ತಿರುಗದೆ, ಮನೆಯಾಗೆ ಮೆಣಸಿನಕಾಯಿ ಐತೋ ಇಲ್ವೋ ಎಂದು ಕೇಳಿದರು. ಇಲ್ಲ ಎಂದೆ. ಎದ್ದು ಮನೆ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

“ನಿಂಗಿ, ಆ ಕಂಬಳಿ ಚೀಲದಾಗಿನ ಜೇಡ ಎಲ್ಲಿಗೆ ಬಿಡ್ಲೇ?”