ಇಪ್ಪತ್ತೆರಡು ಫೋಟೋ, ಒಬ್ಬನೇ ವಿಲ್ಸನ್

ಗಂಡ ಹೆಂಡಿರ ನಂಟು ಫೋಟೋ ನೋಡುವ ತನಕ ಎಂದು ಗಾದೆ. ಗಾದೆ ಹಾಗಿಲ್ಲ ಎಂದು ತಿದ್ದಲು ಹೊರಟವರು ಸ್ವಲ್ಪ ತಾಳಬೇಕು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆಯೇ ಸುಳ್ಳಾದರೂ ಈಗ ಹೇಳುವ ಸಂಗತಿ ಮಾತ್ರ ಅಪ್ಪಟ ನಿಜ.

ನಂಬರ್ ತೋರಿಸದ ಆ ಕರೆ ಬಂದಾಗ ಕೃಷ್ಣಪ್ರಸಾದ ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆಯ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ. ಲ್ಯಾಪ್‌ಟಾಪಿನ ಎರಡು ಮೀಟಿಂಗುಗಳ ನಡುವೆ ಸಿಕ್ಕ ಇಪ್ಪತ್ತು ನಿಮಿಷದ ಬಿಡುವು. ‘ಇಮಿಗ್ರೇಶನ್ ಆಫೀಸಿನಿಂದ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಹೆದರಲು ಕಾರಣವಿತ್ತು. ಅವನ ಹೆಂಡತಿ ವಸುಂಧರಾ ತನ್ನದೇ ವರ್ಕ್ ಪರ್ಮಿಟ್ ಹಿಡಿದು ಡಬ್ಲಿನ್ನಿಗೆ ಶೆಫ್ ಆಗಿ ಬಂದವಳು. ಪರಿಚಯವಾದದ್ದು ಇಲ್ಲೇ, ಮದುವೆಯಾದದ್ದು ಮೈಸೂರಿನಲ್ಲಿ. ಲಾಕ್‌ಡೌನಿನಲ್ಲಿ ಹೋಟೆಲು ಬಾಗಿಲು ಹಾಕಿತು. ಅದರ ಹಿಂದೆಯೇ ಪರ್ಮಿಟ್ಟೂ ಹೋಯಿತು. ಐರಿಷ್ ಪಾಸ್‌ಪೋರ್ಟು ಸಿಕ್ಕು ಎರಡು ವರ್ಷವಾಗಿದ್ದ ಕೃಷ್ಣಪ್ರಸಾದನ ಹೆಂಡತಿ ಎಂಬ ಆಧಾರದ ಮೇಲೆ ಇಲ್ಲಿದ್ದುಕೊಂಡೇ ಅರ್ಜಿ ಹಾಕುವುದೊಂದೇ ಉಳಿದ ದಾರಿ. ಮಾರ್ಚ್ ಕೊನೆಯೊಳಗೆ ಆಗದಿದ್ದರೆ ಅವಳು ದೇಶ ಬಿಡಬೇಕು. ಮತ್ತೆ ಬರುವುದು ಯಾವಾಗಲೋ, ದೇವರಿಗೇ ಗೊತ್ತು. ಮದುವೆ ಸರ್ಟಿಫಿಕೇಟು, ಬಿಲ್ಲುಗಳು, ಜೊತೆಯಾಗಿ ಬಾಳುತ್ತಿರುವುದಕ್ಕೆ ಸಾಕ್ಷಿಯಾಗಿ ಇಪ್ಪತ್ತೆರಡು ಫೋಟೋ ಇಟ್ಟ ದಪ್ಪ ಲಕೋಟೆಯನ್ನು ಸೋಮವಾರ ಪೋಸ್ಟ್ ಮಾಡುತ್ತೇನೆಂದು ವಸುಂಧರಾ ಒಯ್ದಿದ್ದಳು. ಇವತ್ತು ಶುಕ್ರವಾರ.

“ನಿಮ್ಮ ಕಾಗದಪತ್ರಗಳೆಲ್ಲ ಗ್ರ್ಯಾಂಡ್, ಸರಿಯಾಗಿಯೇ ಇವೆ,” ಎಂದಿತು ಆ ದನಿ. ಇಂಗ್ಲಿಷು ದಕ್ಷಿಣದ ಕಾರ್ಕ್ ಊರಿನ ಕಡೆಯದು; ಪ್ರತಿ ಮಾತೂ ದಿಣ್ಣೆ ಹತ್ತಿ, ಇಳಿದು, ಕೊನೆಗೆ ಮತ್ತೊಮ್ಮೆ ಹತ್ತುತ್ತಿತ್ತು. “ಫೋಟೋಗಳ ವಿಷಯದಲ್ಲಿ ಒಂದು ಸಣ್ಣ ಅನುಮಾನ. ಇಪ್ಪತ್ತೆರಡರಲ್ಲೂ ನೀವು ಒಬ್ಬರದೇ ಪಕ್ಕದಲ್ಲಿ ನಿಂತಿದ್ದೀರಿ. ಎತ್ತರದ ಆಳು, ದಪ್ಪ ಮೀಸೆ. ಇವರೇ ವಸುಂಧರಾ ಅವರೇ?”

“ಅಯ್ಯೋ, ಅಲ್ಲ ಸರ್! ಅವನು ವಿಲ್ಸನ್. ಡನ್ ಲಿಯರಿಯಲ್ಲಿರೋ ನನ್ನ ಫ್ರೆಂಡು.”

“ಮೂರರಲ್ಲಿ ಅವರ ಹೆಗಲ ಮೇಲೆ ನಿಮ್ಮ ಕೈ ಇದೆ. ಒಂದರಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೀರಿ. ಸಂಕೋಚ ಬೇಡ, ಈ ದೇಶದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಅವರ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತಲ್ಲ?”

ಕೃಷ್ಣಪ್ರಸಾದ ಲ್ಯಾಪ್‌ಟಾಪಿನಲ್ಲಿ ಫೋಟೋಗಳನ್ನು ಸರಸರನೆ ತೆರೆದ. ಯುಗಾದಿ, ಕ್ರಿಸ್‌ಮಸ್, ಯಾರದೋ ಮಗುವಿನ ನಾಮಕರಣ, ಕಡಲತೀರದ ಪಿಕ್‌ನಿಕ್ಕು. ದೇವರೇ! ಕ್ಯಾಮೆರಾ ಎತ್ತಿದ ಕೂಡಲೇ, ಯಾರೂ ಹೇಳದೆ, ಬೈತಲೆ ತೆಗೆದಂತೆ ಹೆಂಗಸರೆಲ್ಲ ಆ ಕಡೆ, ಗಂಡಸರೆಲ್ಲ ಈ ಕಡೆ. ಎಲ್ಲದರಲ್ಲೂ ಅವನು ವಿಲ್ಸನ್ನಿಗೆ ಅಂಟಿಕೊಂಡಿದ್ದಾನೆ, ವಸುಂಧರಾ ವಿಲ್ಸನ್ನನ ಹೆಂಡತಿ ಶೆರಿನ್ನಳಿಗೆ ಅಂಟಿಕೊಂಡಿದ್ದಾಳೆ. ಗಂಡನಿಗೂ ಹೆಂಡತಿಗೂ ನಡುವೆ ಕಡಿಮೆಯೆಂದರೆ ಒಂಬತ್ತು ಜನ.

“ಅದು ನಮ್ಮಲ್ಲಿ ಅಭ್ಯಾಸ ಸರ್. ಮೊದಲನೇದ್ರಲ್ಲಿ ಅವಳು ಎಡಗಡೆ ಕೊನೇಲಿದಾಳೆ ನೋಡಿ, ಹಸಿರು ಸೀರೆ.”

“ಅಷ್ಟು ದೂರದಲ್ಲಿರುವವರು ನಿಮ್ಮ ಹೆಂಡತಿ ಎಂದು ನಾನು ಹೇಗೆ ನಂಬಲಿ?”

ಕೃಷ್ಣಪ್ರಸಾದ ಮಾತಿನ ಮನುಷ್ಯನಲ್ಲ. ಆದರೆ ಕೈಗೆ ಬಂದವಳು ಜಾರಿಹೋಗುತ್ತಾಳೆಂಬ ಭಯಕ್ಕೆ ಗಂಟಲು ತಾನಾಗಿ ತೆರೆಯಿತು.

“ಸರ್, ಅವಳು ಕಾಫಿ ಆರಿದ ಮೇಲೇ ಕುಡಿಯೋದು. ಹೋಟೆಲಲ್ಲಿ ಬಿಸಿ ಕುಡಿಯೋಕೆ ಪುರಸೊತ್ತೇ ಇರಲಿಲ್ಲ, ಹಂಗೇ ರೂಢಿಯಾಗಿದೆ. ‘ಏನಿಲ್ಲ’ ಅಂತ ಒಂದ್ಸಲ ಅಂದ್ರೆ ನಿಜವಾಗಿ ಏನೂ ಇಲ್ಲ, ಎರಡು ಸಲ ಅಂದ್ರೆ ಏನೋ ಇದೆ. ಕೆಲಸ ಹೋದ ದಿನ ಅಳಲಿಲ್ಲ. ಮನೇಲಿದ್ದ ಚಾಕುಗಳನ್ನೆಲ್ಲ ಕೂತು ಮಸೆದಳು. ಹೋದ ಸೆಪ್ಟೆಂಬರಲ್ಲಿ ಮೈಸೂರಲ್ಲಿ ಅವರಮ್ಮನ್ನ ಕೋವಿಡ್ ವಾರ್ಡಿಗೆ ಸೇರಿಸಿದ್ರು. ಮೂರು ದಿನ ಫೋನ್ ಮುಂದೆ ಇಟ್ಕೊಂಡು ಕೂತಿದ್ಲು. ನಾನೂ ಪಕ್ಕದಲ್ಲೇ ಕೂತಿದ್ದೆ. ಅಂಟಿಕೊಂಡೇ ಕೂತಿದ್ದೆ ಸರ್. ಆಗ ಯಾರೂ ಫೋಟೋ ತೆಗೀಲಿಲ್ಲ.”

ಕಾವಲಿಯ ಮೇಲೆ ದೋಸೆ ಕರಕಲಾಗಿ ಹೊಗೆಯಾಡಿತು. ಆ ತುದಿಯಲ್ಲಿ ಯಾರೋ ಜೋರಾಗಿ ಮೂಗು ಸೀಟಿದರು. ಕಾರ್ಕಿನ ರಾಗ ಸೀದಾ ಮಂಗಳೂರಿಗೆ ಬಂದು ಇಳಿಯಿತು.

“ಸಾಕು ಮಾರಾಯ, ಸಾಕು! ನನ್ನನ್ನೂ ಅಳಿಸ್ತೀಯಲ್ಲ!”

ವಿಲ್ಸನ್! ಕಾರ್ಕಿನಲ್ಲಿ ಆರು ವರ್ಷ ದುಡಿದು ಸಂಬಳಕ್ಕಿಂತ ಹೆಚ್ಚಾಗಿ ಅಲ್ಲಿಯ ಧಾಟಿಯನ್ನೇ ಗಂಟುಕಟ್ಟಿಕೊಂಡು ಬಂದವನು.

“ಲೋ ಪಾಪಿ! ನನ್ನ ಜೀವ ಬಾಯಿಗೆ ಬಂದಿತ್ತು ಕಣೋ! ಫೈಲ್ ಆಗ್ಲೇ ಆಫೀಸಿಗೆ ಹೋಗಿದೆ, ನಿನಗೆ ತಮಾಷೆ!”

“ಎಲ್ಲಿಗೂ ಹೋಗ್ಲಿಲ್ಲ. ನಿನ್ನ ಹೆಂಡ್ತಿ ಹತ್ರವೇ ಉಂಟು.”

ಮಲಗುವ ಕೋಣೆಯ ಬಾಗಿಲು ತೆರೆಯಿತು. ಬಾಗಿಲಲ್ಲಿ ವಸುಂಧರಾ, ಒಂದು ಕೈಯಲ್ಲಿ ಅದೇ ಕರೆಗೆ ಸೇರಿಕೊಂಡಿದ್ದ ಫೋನು, ಇನ್ನೊಂದರಲ್ಲಿ ದಪ್ಪ ಲಕೋಟೆ. ಕಣ್ಣುಗಳು ಒದ್ದೆಯಾಗಿದ್ದವು.

“ಸಾಕ್ಷಿ ಪತ್ರ ಬರೆಯೋಕೆ ಅಂತ ನೀವು ವಿಲ್ಸನ್ನಿಗೆ ಸ್ಕ್ಯಾನ್ ಕಳಿಸಿದ್ರಲ್ಲ, ಅದರಲ್ಲೇ ಇವರು ಫೋಟೋ ಎಣಿಸಿಬಿಟ್ರು ರೀ,” ಎಂದಳು. “ಸೋಮವಾರ ನಾನು ಪೋಸ್ಟಾಫೀಸಿನ ಕ್ಯೂನಲ್ಲಿದ್ದಾಗ ಫೋನ್ ಮಾಡಿದ್ರು. ವಾಪಸ್ ಬಂದೆ. ನಿಮ್ಮ ಕವರಿಂಗ್ ಲೆಟರೂ ನೋಡಿದೆ. ‘ನಾವು ಸುಖವಾಗಿದ್ದೇವೆ’. ಒಂದೇ ಸಾಲು! ನೇರವಾಗಿ ಕೇಳಿದ್ರೆ ನೀವು ಬಾಯಿ ಬಿಡಲ್ಲ, ಅದಕ್ಕೇ ಈ ನಾಟಕ.”

“ಮತ್ತೇನು ಬರೀಬೇಕಿತ್ತು?”

“ಈಗ ಹೇಳಿದ್ರಲ್ಲ, ಅಷ್ಟೂ.”

“ನಾನು ಬರ್ಕೊಂಡಿದ್ದೇನೆ,” ಎಂದ ವಿಲ್ಸನ್ ಫೋನಿನಲ್ಲಿ. “ಚಾಕು ಮಸೆದದ್ದು ಮಾತ್ರ ಬೇಡ. ಪೊಲೀಸ್ ಬಂದಾರು.”

ಕೃಷ್ಣಪ್ರಸಾದನಿಗೆ ಕೋಪ ಮಾಡಿಕೊಳ್ಳಬೇಕೆನಿಸಿತು. ಆದರೆ ಮುಂದೆ ನಿಂತಿದ್ದವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದಿದ್ದ ನಿರಾಳವಿತ್ತು. ಕೋಪ ಕಾಲಿಡಲು ಜಾಗವೇ ಸಿಗಲಿಲ್ಲ.

ಗಂಡ ಹೆಂಡತಿ ಪಕ್ಕಪಕ್ಕ ನಿಂತ ಫೋಟೋ ಈಗಲೇ ತೆಗೆಯಬೇಕು. ಲಾಕ್‌ಡೌನಿನಿಂದಾಗಿ ಮನೆಯಿಂದ ಐದು ಕಿಲೋಮೀಟರ್ ಆಚೆ ಯಾರೂ ಓಡಾಡುವಂತಿಲ್ಲದ ಕಾಲ, ವಿಲ್ಸನ್ ಬರುವಂತಿರಲಿಲ್ಲ. ಇಬ್ಬರೂ ಕೆಳಗಿಳಿದು ಅಂಗಳದಲ್ಲಿ ನಿಂತರು. ಕೆಳಮನೆಯ ಮಿಸೆಸ್ ನೋಲನ್ ಮಾಸ್ಕ್ ಹಾಕಿಕೊಂಡು, ಕೃಷ್ಣಪ್ರಸಾದನ ಫೋನನ್ನು ಸ್ಯಾನಿಟೈಸರಿನಲ್ಲಿ ಒರೆಸಿ, ಕಣ್ಣಿಗೆ ಹಿಡಿದರು. ತಕ್ಷಣ ಕೆಳಗಿಳಿಸಿದರು.

“ಆ ಎರಡು ಮೀಟರ್ ದೂರ ಇರೋದು ನನಗೆ ಕಣ್ರಪ್ಪ, ನಿಮಗಲ್ಲ! ನೀವು ಒಂದೇ ಮನೆಯವರಲ್ವಾ?”

ಇಬ್ಬರೂ ತಿರುಗಿ ನೋಡಿಕೊಂಡರು. ನಡುವೆ ಸೈಕಲ್ಲೊಂದು ಆರಾಮಾಗಿ ದಾಟುವಷ್ಟು ಜಾಗ.

“ಬೇಕಾದ್ರೆ ಮಧ್ಯ ನಾನು ನಿಲ್ತೇನೆ,” ಎಂದಿತು ವಸುಂಧರಾಳ ಕೈಯಲ್ಲಿದ್ದ ಫೋನು.

ಮೊದಲು ನಕ್ಕವಳು ವಸುಂಧರಾ. ಆಮೇಲೆ ಏನೂ ಅರ್ಥವಾಗದ ಮಿಸೆಸ್ ನೋಲನ್. ಕೃಷ್ಣಪ್ರಸಾದ ಮಾತ್ರ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಮೇಲಿನ ಮಹಡಿಗಳ ಕಿಟಕಿಗಳು ಒಂದೊಂದಾಗಿ ತೆರೆದು ಜನ ಇಣುಕುವಷ್ಟು ಗಟ್ಟಿಯಾಗಿ ನಕ್ಕ. ಅವನು ಬೀಳದಿರಲೆಂದು ವಸುಂಧರಾ ಅವನ ಸ್ವೆಟರಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.